ಎರಡು ಬಾಯಿಯ ಗೂಡು

ಫೆಬ್ರವರಿ 1, ಗುರುವಾರ

ಕಾಫಿಬೀಜ ಮತ್ತೆ ಕಪ್ಪಾಯಿತು. ಹುರಿಯುವ ಉರುಳೆ ತಿರುಗಿಸುತ್ತಾ ಲೈಬ್ರರಿಯ ಭಾಷಣದ ಯೋಚನೆಯಲ್ಲಿದ್ದೆ, ಹೊಗೆ ಕಣ್ಣಿಗೆ ಬಂದ ಮೇಲೆ ಎಚ್ಚರ. ಇರಲಿ. ಒಂದು ಹಿಡಿ ಹುರಿದ ಬಾರ್ಲಿ ಸೇರಿಸಿ ಬೀಸಿದೆ. ಮೂವತ್ತು ವರ್ಷದ ಹಿಂದೆ ಯುದ್ಧದ ಕಾಲದಲ್ಲಿ ಕಾಫಿ ಸಾಲದೆ ಬಾರ್ಲಿ ಹಾಕುತ್ತಿದ್ದೆವು. ಈಗ ಬಾರ್ಲಿ ಇಲ್ಲದಿದ್ದರೆ ನಾಲಿಗೆ ಒಪ್ಪುವುದಿಲ್ಲ. ಊರಲ್ಲಿ ಎಲ್ಲರೂ ಬಿಟ್ಟರು, ನಾನೊಬ್ಬಳು ಬಿಟ್ಟಿಲ್ಲ.

ಕಾಲು ಕಿಲೋ ಪೊಟ್ಟಣ ಕಟ್ಟಿ ಮಸೀದಿ ಗೋಡೆಯ ಗೂಡಿಗೆ. ಬೀದಿ ಕಡೆಯ ಚರ್ಮದ ಪರದೆ ಸರಿಸಿ ತೋಳು ಪೂರ್ತಿ ಒಳಗೆ ಹಾಕಿದೆ. ಹುರುಳಿಕಾಯಿ ಬೀಜದ ಚೀಲ ಕೈಗೆ ತಗುಲಿತು, ಎಣ್ಣೆ ಬಾಟಲಿ, ಯಾರೋ ಹೆಣೆದ ಕಾಲುಚೀಲ. ಆ ಕಡೆ, ಅಂಗಳಕ್ಕೆ, ಇನ್ನೊಂದು ಬಾಯಿ. ಬೇಕಾದವರು ಅಲ್ಲಿಂದ ತೆಗೆದುಕೊಳ್ಳುತ್ತಾರೆ. ಅವರಿಗೆ ನಾವು ಕಾಣುವುದಿಲ್ಲ, ನಮಗೆ ಅವರು. ಶೆರೀಫಾ ಹಾನುಮ್ ಎಂಬ ವಿಧವೆ ಇನ್ನೂರೈವತ್ತು ವರ್ಷದ ಹಿಂದೆ ವಕ್ಫ್ ಮಾಡಿಟ್ಟದ್ದು. ದಾನಪತ್ರದಲ್ಲಿ ಆಕೆ ಹಾಕಿದ ಷರತ್ತು ಒಂದೇ: ತೆಗೆಯುವವರನ್ನು ಯಾರೂ ನೋಡಕೂಡದು.

ನಾಳೆ ಶುಕ್ರವಾರದ ನಮಾಜಿನ ಹೊತ್ತಿಗೆ ಗೂಡು ಬರಿದು. ವಾರವಾರವೂ ಹೀಗೇ, ಚೂರೂ ಉಳಿಯುವುದಿಲ್ಲ. ಯಾರೋ ಒಬ್ಬರೇ ಬಾಚಿಕೊಂಡು ಹೋಗುತ್ತಿದ್ದಾರೆ ಅಂತ ಮಸೀದಿ ಕಮಿಟಿಯಲ್ಲಿ ಗುಸುಗುಸು. ನನಗೂ ಅದೇ ಅನುಮಾನ.

ಫೆಬ್ರವರಿ 5, ಸೋಮವಾರ

ಹಜ್‌ಗೆ ಹೆಸರು ಬಂತು! ಜೂನ್ ಮೊದಲ ವಾರ ಹೊರಡುವುದು. ಫೋನ್ ಇಟ್ಟವಳು ಅಡುಗೆಮನೆಯಲ್ಲಿ ಮೂರು ಸುತ್ತು ಹಾಕಿದೆ. ಯಾರಿಗಾದರೂ ಹೇಳದೆ ಇರಲಾಗಲಿಲ್ಲ. ಹೇಗೂ ಸೋಮವಾರ — ಗೆಳತಿ ಶೆವಾಲಾಳ ಮನೆಯ ಕಾಫಿ.

ಅವಳ ಮನೆ ನೋಡಿದರೆ ನನಗೆ ನಾಚಿಕೆ. ಪರದೆಗೆ ಗಂಜಿ ಹಾಕಿ ಇಸ್ತ್ರಿ, ತಾಮ್ರದ ಕಾಫಿಪಾತ್ರೆ ಫಳಫಳ. ಹೆಣಿಗೆ ಫ್ಯಾಕ್ಟರಿಯಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದವಳು. ಎಡಗೈ ತೋರುಬೆರಳಿನ ತುದಿ ಅಲ್ಲೇ ಯಂತ್ರಕ್ಕೆ ಕೊಟ್ಟು ಬಂದಳು. ಯುದ್ಧದ ನಂತರ ಡೈರೆಕ್ಟರ್ ಫ್ಯಾಕ್ಟರಿ ಮಾರಿಕೊಂಡ, ಕೆಲಸಗಾರರ ಪೆನ್ಷನ್ ಕೋರ್ಟಿನಲ್ಲಿ ಕೊಳೆಯುತ್ತಿದೆ. ಅವಳು ಆ ಮಾತೇ ಎತ್ತುವುದಿಲ್ಲ. ತಮ್ಮ ಸ್ವೀಡನ್ನಿನಿಂದ ದುಡ್ಡು ಕಳಿಸುತ್ತಾನೆ ಅಂತಾಳೆ.

"ಹಜ್‌ಗಾ? ನೀನಾ?" ಅಂದಳು. "ಟೀಚರ್ ಆಗಿದ್ದಾಗ ಹುಡುಗರಿಗೆ ಸಮಾಜವಾದಿ ಅರ್ಥಶಾಸ್ತ್ರ ಹೇಳ್ಕೊಟ್ಟು, ಈಗ ಹೋಗಿ ದೇವರಿಗೆ ಹೇಳ್ಕೊಡ್ತೀಯಾ?"

"ಸುಮ್ನಿರೇ. ನ್ಯಾಯ ಎರಡ್ರಲ್ಲೂ ಒಂದೇ."

"ಆಗ್ಲಿ ಮಾರಾಯ್ತಿ. ಅಲ್ಲಿ ಸೈತಾನನಿಗೆ ಕಲ್ಲು ಹೊಡೀತಾರಲ್ಲ, ನನ್ನ ಲೆಕ್ಕದಲ್ಲಿ ಒಂದು ಜಾಸ್ತಿ ಹೊಡಿ. ನಮ್ಮ ಡೈರೆಕ್ಟರಿಗೆ."

ನಕ್ಕು ನಕ್ಕು ಕಾಫಿ ಚೆಲ್ಲಿಕೊಂಡೆ. ಕಾಫಿ ಎಷ್ಟು ಚೆನ್ನಾಗಿತ್ತೆಂದರೆ — "ನನ್ನ ಕೈದೇ ಇದ್ದ ಹಾಗಿದೆ ಕಣೇ, ನೀನೂ ಬಾರ್ಲಿ ಹಾಕ್ತೀಯಾ?" ಅಂದೆ. "ಹಾಕ್ತೀನಿ ಅಂತಿಟ್ಕೋ," ಅಂದು ಇನ್ನೊಂದು ಬಟ್ಟಲು ಬಗ್ಗಿಸಿದಳು.

ಫೆಬ್ರವರಿ 11, ಭಾನುವಾರ

ಕಮಿಟಿ ಸಭೆ. ಏಳು ಜನ. ಹೆಂಗಸು ನಾನೊಬ್ಬಳೇ, ಅದೂ ಈ ವರ್ಷ ಮೊದಲ ಸಲ. ಆದ್ದರಿಂದಲೋ ಏನೋ ಜಾಸ್ತಿ ಮಾತಾಡಿದೆ.

ಕಾರ್ಯದರ್ಶಿ ಅಲ್ಮಿರ್ ಶುರು ಮಾಡಿದ್ದು. ಪುರಸಭೆಯಲ್ಲಿ ಕೆಲಸ ಅವನಿಗೆ, ನನ್ನ ಹಳೆಯ ವಿದ್ಯಾರ್ಥಿ. "ಟೀಚರ್, ಗೂಡು ಯಾರು ಖಾಲಿ ಮಾಡ್ತಿದಾರೆ ನೋಡೋಣ. ಅಂಗಳದ ಲಿಂಡನ್ ಮರಕ್ಕೆ ನನ್ನ ಕ್ಯಾಮೆರಾ ಕಟ್ತೀನಿ, ಕಾಡುಹಂದಿ ಬೇಟೆಗೆ ಇಟ್ಕೊಂಡಿರೋದು. ನಿಜವಾಗಿ ಬಡವರ ಲಿಸ್ಟ್ ಆದ್ರೆ ಪುರಸಭೆಯಿಂದ ತಿಂಗಳ ರೇಷನ್ ಕೊಡಿಸ್ಬಹುದು."

ಇಮಾಮ್ ಹಿಲ್ಮಿಯಾ ಎಫೆಂದಿ ಬೇಡ ಅಂದರು. ಎಂಬತ್ತರ ಹತ್ತಿರದವರು, ಮಾತು ನಿಧಾನ. ಅವರು ಮುಗಿಸುವುದಕ್ಕೆ ಕಾಯುವ ತಾಳ್ಮೆ ನನಗಿರಲಿಲ್ಲ. "ನೋಡ್ದೆ ನ್ಯಾಯ ಹೇಗೆ ಎಫೆಂದಿ? ಜಕಾತ್ ಎಂಟು ಬಗೆಯವರಿಗೆ ಸಲ್ಲಬೇಕು ಅಂತ ಕುರಾನಿನಲ್ಲೇ ಇದೆ. ಆ ಎಂಟು ಬಗೆ ಯಾರು ಅಂತ ಹುಡುಕಬೇಕಲ್ಲ? ಗಟ್ಟಿಗರು ಬಾಚ್ಕೊಂಡು ಹೋಗ್ತಾರೆ, ನಡೆಯೋಕಾಗದ ಮುದುಕಿ ಮನೇಲೇ ಹಸ್ಕೊಂಡಿರ್ತಾಳೆ. ಇದು ದಾನ ಅಷ್ಟೆ, ವ್ಯವಸ್ಥೆ ಅಲ್ಲ."

"ಹುಡುಕೋದು ಬೇರೆ ಟೀಚರಮ್ಮ," ಅಂದರು ಅವರು. "ಬೆನ್ನ ಹಿಂದೆ ನಿಂತು ನೋಡೋದು ಬೇರೆ. ವಕ್ಫ್ ಮಾಡಿದವರ ಷರತ್ತನ್ನ ಮುರಿಯೋ ಅಧಿಕಾರ ನಮಗಿಲ್ಲ."

ಶೂರಾ ಅಂದರೆ ಸಮಾಲೋಚನೆ, ಕೈ ಎತ್ತೋಣ ಅಂದೆ ನಾನೇ. ಐದು ಎರಡು. ಗೆದ್ದೆ. ಮನೆಗೆ ಬರುವಾಗ ಕಾಲು ನೆಲದ ಮೇಲಿರಲಿಲ್ಲ.

ಫೆಬ್ರವರಿ 12, ಸೋಮವಾರ

ಶೆವಾಲಾಳ ಹತ್ತಿರ ಸಭೆಯ ವಿಷಯ ಹೇಳಿದೆ. ನನ್ನ ವಾದ ಪೂರ್ತಿ ಮತ್ತೆ ಒಪ್ಪಿಸಿದೆ. ಕ್ಯಾಮೆರಾ ಮಾತು ಮಾತ್ರ ಬಿಟ್ಟೆ — ಗುಟ್ಟು ಅಂತ ಒಪ್ಪಂದವಾಗಿತ್ತು. ಅವಳು ಕಿಟಕಿ ಆಚೆ ನೋಡುತ್ತಾ ಕೇಳಿದಳು. "ನೀನು ಹೇಳಿದ್ಮೇಲೆ ಸರಿಯೇ ಇರ್ಬೇಕು," ಅಂದಳು. ಲೋಕುಮ್ ಮಿಠಾಯಿ ತಟ್ಟೆ ನನ್ನ ಕಡೆ ತಳ್ಳಿದಳು.

ಫೆಬ್ರವರಿ 29, ಗುರುವಾರ

ಅಲ್ಮಿರ್ ಬಂದಿದ್ದ. ಕೈಯಲ್ಲಿ ಅಂಟಿಸಿದ ಲಕೋಟೆ. ಒಳಗೆ, ಕ್ಯಾಮೆರಾಕ್ಕೆ ಸಿಕ್ಕವರ ಹೆಸರುಗಳು. ಪುರಸಭೆಗೆ ಕೊಡಬೇಕಾದರೆ ಕಮಿಟಿಯ ಸಮಾಜ ಸೇವಾ ವಿಭಾಗದ ಸಹಿ ಬೇಕು, ಅಂದರೆ ನನ್ನದು.

"ತೆಗೆದು ನೋಡಿ ಟೀಚರ್."

"ಬೇಡ. ಷರತ್ತು ಷರತ್ತೇ. ನಾನು ನೋಡಲ್ಲ."

ಅವನೇ ಲಕೋಟೆ ಬಿಚ್ಚಿ ಒಳಗಿನ ಕಾಗದವನ್ನು ಮಡಿಸಿಟ್ಟು, ಕೆಳಗಿನ ಅಂಚು ಮಾತ್ರ ಹೊರಗೆ ಎಳೆದು ಕೊಟ್ಟ. ಹೆಸರುಗಳ ಮೇಲೆ ಅವನ ಅಂಗೈ. ಸಹಿ ಹಾಕಿದೆ. ಲಕೋಟೆ ಮೇಲೆ ದಪ್ಪಕ್ಷರದಲ್ಲಿ ಗೋಪ್ಯ ಅಂತ ನಾನೇ ಬರೆದೆ. ಷರತ್ತೂ ಉಳಿಯಿತು, ಕೆಲಸವೂ ಆಯಿತು. ಶೆರೀಫಾ ಹಾನುಮ್ ಇದ್ದಿದ್ದರೂ ತಪ್ಪು ಹುಡುಕಲಾಗುತ್ತಿರಲಿಲ್ಲ.

ಹಾಗಾದರೆ ಯಾಕೆ ಸಂಜೆಯಿಂದ ಕೂತಲ್ಲಿ ಕೂರಲಾಗುತ್ತಿಲ್ಲ? ಬೀರು ತೆಗೆದು ಒಳಗಿನದೆಲ್ಲ ಹೊರಗೆ ಹಾಕಿ ಮತ್ತೆ ಜೋಡಿಸಿದೆ.

ಮಾರ್ಚ್ 11, ಸೋಮವಾರ

ರಮ್ಜಾನಿನ ಮೊದಲ ಉಪವಾಸ. ಇಫ್ತಾರಿಗೆ ಶೆವಾಲಾಳನ್ನು ಕರೆದಿದ್ದೆ. ಪದರದ ಹಿಟ್ಟಿನ ಪಿಟಾ ಮಾಡಿದ್ದೆ, ಪಾಲಕ್ ಹಾಕಿ. ಅವಳು ಅರ್ಧ ತಿಂದು ಉಳಿದದ್ದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡಳು. "ಬೆಳಗಿನ ಜಾವ ಸಹರಿಗೆ ಆಗುತ್ತೆ, ನಿನ್ನ ಕೈರುಚಿ." ಇಡೀ ತಟ್ಟೆ ಕಟ್ಟಿಕೊಟ್ಟರೆ ಒಲ್ಲೆ ಅಂದಳು. ಹಠಮಾರಿ.

ಮಾರ್ಚ್ 19, ಮಂಗಳವಾರ

ಲೈಬ್ರರಿಯಲ್ಲಿ ಭಾಷಣ: ಇಸ್ಲಾಮಿನ ಸಮಾಜ ನ್ಯಾಯ. ಬಡ್ಡಿ ಯಾಕೆ ಬೇಡ, ಸಂಪತ್ತು ಯಾಕೆ ಹರಿಯುತ್ತಿರಬೇಕು, ಆಳುವವನು ಯಾಕೆ ಕೇಳಿ ಆಳಬೇಕು. ದೇವರ ಹಕ್ಕು ಮೀರಿದರೆ ದೇವರು ಕ್ಷಮಿಸಬಹುದು, ಮನುಷ್ಯರ ಹಕ್ಕು ಮೀರಿದರೆ ಆ ಮನುಷ್ಯರೇ ಕ್ಷಮಿಸಬೇಕು, ದೇವರೂ ನಡುವೆ ಬರುವುದಿಲ್ಲ ಅಂತ ಮುಗಿಸಿದೆ. ಚಪ್ಪಾಳೆ ಜೋರಾಗಿತ್ತು. ಶೆವಾಲಾ ಹಿಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಗಟ್ಟಿಯಾಗಿ ತಟ್ಟಿದಳು.

ಮಾರ್ಚ್ 24, ಭಾನುವಾರ

ಪಕ್ಕದ ಮನೆಯವಳು ಮೊಬೈಲ್ ತಂದು ತೋರಿಸಿದಳು. ಅಕ್ಟೋಬರ್ ಚುನಾವಣೆಗೆ ನಿಲ್ಲುವವನ ಪುಟ. "ರಮ್ಜಾನ್ ಉಡುಗೊರೆ ಅಗತ್ಯವಿರುವ ನಮ್ಮ ಬಂಧುಗಳಿಗೆ." ಪಕ್ಷದ ಬಣ್ಣದ ಚೀಲ, ಚೀಲದ ಮೇಲೆ ಅವನ ಮುಖ. ಹದಿನಾಲ್ಕು ಫೋಟೋ, ಹದಿನಾಲ್ಕು ಮನೆಯ ಬಾಗಿಲು. ಪ್ರತಿ ಫೋಟೋದಲ್ಲೂ ಅವನು ಕೈ ಕುಲುಕುತ್ತಾ ಕ್ಯಾಮೆರಾ ಕಡೆ ನೋಡುತ್ತಿದ್ದಾನೆ. ಚೀಲ ಹಿಡಿದವರು ನೆಲ ನೋಡುತ್ತಿದ್ದಾರೆ.

ಒಂಬತ್ತನೆಯದರಲ್ಲಿ ಗಂಜಿ ಹಾಕಿದ ಪರದೆ. ಮನೆಯಂಗಿ, ಚಪ್ಪಲಿ, ತಲೆಗೆ ಅರೆಬರೆ ಬಟ್ಟೆ. ಚೀಲದ ಹಿಡಿ ಮೇಲೆ ತುದಿಯಿಲ್ಲದ ಬೆರಳು.

ಶೆವಾಲಾ.

ನನ್ನ ಸಹಿಯ ಮೇಲೆ ಅವಳ ಹೆಸರಿತ್ತು. ಅಲ್ಮಿರನ ಅಂಗೈ ಕೆಳಗೆ. ಒಂದು ಸಲ, ಒಂದೇ ಒಂದು ಸಲ ಕಣ್ಣು ಹಾಯಿಸಿದ್ದರೆ ಕಾಗದ ಹರಿದು ಒಲೆಗೆ ಹಾಕುತ್ತಿದ್ದೆ. ನೋಡಲಿಲ್ಲ ಅಂತ ಬೀಗಿದೆನಲ್ಲ!

ಮಾರ್ಚ್ 25, ಸೋಮವಾರ

ಎಂದಿನ ಕಾಫಿ ಹೊತ್ತಿಗೆ ಶೆವಾಲಾಳ ಮನೆಗೆ ಹೋದೆ. ಬಾಗಿಲು ತೆಗೆಯಲಿಲ್ಲ. ಒಳಗೆ ರೇಡಿಯೋ ಹಾಡುತ್ತಿತ್ತು, ತಟ್ಟಿದ ಕೂಡಲೇ ನಿಂತಿತು.

ಅಲ್ಲಿಂದ ನೇರ ಪುರಸಭೆಗೆ. ಅಲ್ಮಿರನ ಮೇಜಿನ ಮುಂದೆ ನಿಂತು ಕೂಗಾಡಿದೆ. ಅವನು ಬಾಗಿಲು ಮುಚ್ಚಿದ.

"ಮೇಲಧಿಕಾರಿಗಳು ಲಿಸ್ಟ್ ಕೇಳಿದ್ರು, ಕೊಟ್ಟೆ ಟೀಚರ್. ಫೋಟೋ ತೆಗೀತಾರೆ ಅಂತ ನನಗೇನ್ ಗೊತ್ತು? ಸಹಿ ನಿಮ್ದೇ ಇದೆ."

"ಮತ್ತೆ ಆ ಕಳ್ಳ ಯಾರು? ಯಾರಿಗೋಸ್ಕರ ಇಷ್ಟೆಲ್ಲ ಮಾಡಿದ್ವೋ ಅವನು?"

ಅವನು ತಲೆ ಕೆರೆದುಕೊಂಡ. "ಕಳ್ಳ ಯಾರೂ ಇರ್ಲಿಲ್ಲ ಟೀಚರ್. ಹದಿನಾಲ್ಕು ಜನ. ಒಬ್ಬೊಬ್ರು ಬಂದು ಒಂದೊಂದು ಸಾಮಾನು ತಗೊಂಡು ಹೋಗ್ತಾರೆ. ಅಷ್ಟಕ್ಕೇ ಖಾಲಿ ಆಗ್ತಿತ್ತು."

ಇಫ್ತಾರಿಗೆ ನೀರಷ್ಟೇ ಕುಡಿದೆ.

ಮಾರ್ಚ್ 29, ಶುಕ್ರವಾರ

ಗೂಡು ತುಂಬಿದೆ. ನಿನ್ನೆ ಇಟ್ಟ ನನ್ನ ಕಾಫಿ ಅಲ್ಲೇ. ಎಣ್ಣೆ ಅಲ್ಲೇ. ಒಬ್ಬರೂ ಮುಟ್ಟಿಲ್ಲ.

ಏಪ್ರಿಲ್ 5, ಶುಕ್ರವಾರ

ಇನ್ನೂ ತುಂಬಿದೆ. ಯಾರೋ ಇಟ್ಟ ಬ್ರೆಡ್ಡಿಗೆ ಬೂಸ್ಟು. ರಮ್ಜಾನಿನಲ್ಲಿ! ಶೂರಾ ಶೂರಾ ಅಂದೆ. ಏಳು ಜನ ಕೂತು ಕೈ ಎತ್ತಿದೆವು. ಆ ಗೂಡಿಗೆ ಅಂಗಳದ ಕಡೆಯಿಂದ ಕೈ ಹಾಕುವ ಒಬ್ಬರನ್ನೂ ಕೇಳಲಿಲ್ಲ. ಕೇಳುವ ಹಾಗೂ ಇರಲಿಲ್ಲ ಅನ್ನುವುದು ಆಗಲೇ ಹೊಳೆಯಬೇಕಿತ್ತು.

ಏಪ್ರಿಲ್ 10, ಬುಧವಾರ, ಬೈರಾಮ್, ರಮ್ಜಾನ್ ಹಬ್ಬ

ಮೂವತ್ತು ವರ್ಷದಲ್ಲಿ ಮೊದಲ ಸಲ ಶೆವಾಲಾ ಬರಲಿಲ್ಲ. ಬಕ್ಲಾವಾ ಕತ್ತರಿಸಿ ಇಟ್ಟು ಕಾದೆ. ಅವಳಿಗೆ ಇಷ್ಟವಾದ ಮೂಲೆಯ ತುಂಡು ಎತ್ತಿಟ್ಟಿದ್ದೆ. ಸಂಜೆ ಅದನ್ನು ನಾನೇ ತಿಂದೆ, ಅಳುತ್ತಾ. ಅಳುತ್ತಾ ತಿಂದರೂ ಸಿಹಿಯಾಗಿಯೇ ಇತ್ತು, ಅದಕ್ಕೂ ಸಿಟ್ಟು ಬಂತು.

ಮೇ 6, ಸೋಮವಾರ

ಇವತ್ತು ಬಾಗಿಲು ತೆಗೆದಳು. ಸರಪಳಿ ಹಾಕಿಕೊಂಡು, ನಾಲ್ಕು ಬೆರಳಿನಷ್ಟು.

ಮೊದಲೇ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. "ಶೆವಾಲಾ, ನನಗೆ ಗೊತ್ತಿರ್ಲಿಲ್ಲ. ದೇವರಾಣೆ ನೋಡದೆ ಸಹಿ ಹಾಕ್ದೆ."

"ಗೊತ್ತು. ಅಲ್ಮಿರ್ ಹೇಳ್ದ. ನೋಡಿದ್ರೆ ಏನ್ ಮಾಡ್ತಿದ್ದೆ? ನನ್ನ ಹೆಸರು ಹೊಡೆದುಹಾಕ್ತಿದ್ದೆ. ಉಳಿದ ಹದಿಮೂರು ಜನರದ್ದು?"

ನಾನು ಬಾಗಿಲ ಸಂದಿಗೆ ಹತ್ತಿರ ಸರಿದೆ.

"ಒಂದು ಮಾತು ಕೇಳು ರಾಸೆಮಾ. ಆ ಗೂಡಿನ ಕಾಫಿ ನಿಂದು ಅಂತ ನನಗೆ ಮೊದಲನೇ ದಿನವೇ ಗೊತ್ತಾಯ್ತು. ಈ ಊರಲ್ಲಿ ಇನ್ಯಾರು ಬಾರ್ಲಿ ಹಾಕ್ತಾರೆ? ಸ್ವೀಡನ್ ತಮ್ಮ ಸತ್ತು ನಾಲ್ಕು ವರ್ಷ ಆಯ್ತು. ಗುರುವಾರ ನೀನು ಇಡ್ತಿದ್ದೆ, ನಾನು ತರ್ತಿದ್ದೆ. ಸೋಮವಾರ ನೀನು ಬರ್ತಿದ್ದೆ, ಅದನ್ನೇ ಕಾಯಿಸಿ ನಿನಗೆ ಕೊಡ್ತಿದ್ದೆ. ನನಗೇನೂ ಅವಮಾನ ಆಗ್ತಿರ್ಲಿಲ್ಲ ಕಣೇ. ಮನೆಗೆ ಬಂದವರ ಮುಂದೆ ಇಡೋಕೆ ಒಂದು ಬಟ್ಟಲು ಕಾಫಿ ಇತ್ತು ನನ್ನ ಹತ್ರ. ನಾನೂ ಒಬ್ಬಳು ಗೃಹಿಣಿ ಅನ್ನಿಸ್ತಿತ್ತು. ಅದನ್ನ ಕಿತ್ಕೊಂಡೆ ನೀನು."

"ನನಗೆ ಹಲಾಲ್ ಮಾಡು," ಅಂದೆ. ನಮ್ಮಲ್ಲಿ ತಪ್ಪಿಗೆ ಕ್ಷಮೆ ಕೇಳುವುದು ಇಷ್ಟೇ, ಕೊಡುವವರೂ ಒಂದೇ ಮಾತಲ್ಲಿ ಕೊಟ್ಟುಬಿಡುತ್ತಾರೆ.

"ನೀನೇ ಭಾಷಣದಲ್ಲಿ ಹೇಳಿದ್ಯಲ್ಲ, ದೇವರೂ ನಡುವೆ ಬರಲ್ಲ ಅಂತ. ಚಪ್ಪಾಳೆ ತಟ್ಟಿದ್ದೆ ನಾನು." ಬಾಗಿಲು ಹಾಕಿದಳು. ಮೆಲ್ಲಗೆ. ಧಡಾರನೆ ಹಾಕಿದ್ದರೆ ಎಷ್ಟೋ ವಾಸಿ.

ಮೇ 8, ಬುಧವಾರ

ಅವಳ ಹಕ್ಕು ಹೆಗಲ ಮೇಲಿಟ್ಟುಕೊಂಡು ಹಜ್‌ಗೆ ಹೋಗುವುದು ಹೇಗೆ? ಹೋಗಿ ಅಲ್ಲಿ ಏನು ಕೇಳಲಿ? ಹಿಲ್ಮಿಯಾ ಎಫೆಂದಿಯನ್ನು ಕೇಳಿದೆ. ಬೈಯುತ್ತಾರೆ, ನಾನು ಆಗಲೇ ಹೇಳಿದ್ದೆ ಅನ್ನುತ್ತಾರೆ ಅಂದುಕೊಂಡಿದ್ದೆ. ಅನ್ನಲಿಲ್ಲ.

"ಮೊದಲು ಮುರಿದಿದ್ದನ್ನ ಸರಿ ಮಾಡಿ ಟೀಚರಮ್ಮ. ಹೋಗೋದು ಆಮೇಲೆ."

ಮೇ 16, ಗುರುವಾರ

ಕಮಿಟಿ ಕ್ಯಾಮೆರಾ ಇಳಿಸುವ ವಿಷಯ ಮುಂದಿನ ಸಭೆಗೆ, ಮುಂದಿನ ಸಭೆಗೆ ಅಂತ ತಳ್ಳುತ್ತಲೇ ಇದೆ. ಕಾದು ಸಾಕಾಯಿತು. ಮನೆಯಿಂದ ಏಣಿ ಎಳೆದುಕೊಂಡು ಹೋದೆ. ಅರವತ್ತೇಳು ವರ್ಷದ ಹೆಂಗಸು ಲಿಂಡನ್ ಮರ ಹತ್ತುವುದನ್ನು ನೋಡಲು ಅರ್ಧ ಬೀದಿ ಸೇರಿತು. ಎಫೆಂದಿ ಓಡಿ ಬಂದು ಏಣಿ ಹಿಡಿದುಕೊಂಡರು.

"ಬಿದ್ದು ಸತ್ತರೆ ಜನಾಜಾ ನಮಾಜ್ ನಾನೇ ಓದ್ಬೇಕಾಗುತ್ತೆ, ಇಳೀರಿ!"

"ಓದುವಾಗ ಚುಟುಕಾಗಿ ಓದಿ ಎಫೆಂದಿ, ನಿಮ್ಮ ಮಾತು ಉದ್ದ."

ಕತ್ತರಿಯಿಂದ ಕ್ಯಾಮೆರಾ ಕಟ್ಟಿದ್ದ ಪಟ್ಟಿ ಕತ್ತರಿಸಿದೆ. ಕ್ಯಾಮೆರಾ ತೆಗೆದುಕೊಂಡು ಹೋಗಿ ಅಲ್ಮಿರನ ಮೇಜಿನ ಮೇಲೆ ಇಟ್ಟೆ. ಮೊಣಕಾಲು ತರಚಿದೆ, ಉರಿಯುತ್ತಿದೆ. ಎಷ್ಟೋ ದಿನದ ಮೇಲೆ ಹಸಿವಾಯಿತು.

ಮೇ 17, ಶುಕ್ರವಾರ

ಗೂಡು ಇನ್ನೂ ತುಂಬಿಯೇ ಇದೆ. ಮರದ ಮೇಲಿಂದ ಕ್ಯಾಮೆರಾ ಇಳಿದಿದೆ, ಜನರ ತಲೆಯಿಂದ ಇಳಿದಿಲ್ಲ.

ಮೇ 31, ಶುಕ್ರವಾರ

ನಮಾಜ್ ಆದ ಮೇಲೆ ಹಜ್‌ಗೆ ಹೋಗುವವರ ಪರವಾಗಿ ಎಫೆಂದಿ ಎಲ್ಲರ ಹಲಾಲ್ ಕೇಳುವ ಪದ್ಧತಿ. ಅವರು ಬಾಯಿ ತೆರೆಯುವ ಮೊದಲೇ ಮಹಡಿಯ ಹೆಂಗಸರ ಜಗಲಿಯಿಂದ ಎದ್ದು ನಿಂತೆ. ಕೆಳಗಿನ ಗಂಡಸರೆಲ್ಲ ಕತ್ತು ಎತ್ತಿದರು.

"ಆ ಕಾಗದಕ್ಕೆ ಸಹಿ ಹಾಕಿದ್ದು ನಾನು. ನೋಡದೆ ಹಾಕಿದೆ, ಹಾಗಾಗಿ ಪಾಪ ಇಲ್ಲ ಅಂದ್ಕೊಂಡೆ. ಗೂಡಿಗೆ ಬರೋರು ಕಳ್ಳರಾಗಿರ್ಲಿಲ್ಲ. ಕದ್ದಿದ್ದು ನಾವು, ಅವರ ಮಾನ. ಅವರ ಮನೆ ಬಾಗಿಲಿಗೆ ಬಂದು ಕೇಳಿದ್ರೆ ಇನ್ನೊಂದು ಸಲ ಬೀದಿಗೆ ತೋರಿಸಿದ ಹಾಗಾಗುತ್ತೆ. ಅದಕ್ಕೇ ಇಲ್ಲಿಂದ ಕೇಳ್ತಿದೀನಿ."

ಅಲ್ಮಿರ್ ಕಾಲುಚೀಲ ನೋಡಿಕೊಳ್ಳುತ್ತಿದ್ದ. ಆಮೇಲೆ ಕೆಳಗೆ ಎಲ್ಲಿಂದಲೋ ಒಂದು ದನಿ, "ಹಲಾಲ್ ಆಗಲಿ." ಇನ್ನೊಂದು. ಮತ್ತೊಂದು. ಯಾರದೆಂದು ತಿರುಗಿ ನೋಡಲಿಲ್ಲ.

ಜಗಲಿಯಲ್ಲಿ ಶೆವಾಲಾಳ ಜಾಗ ಖಾಲಿ.

ಜೂನ್ 2, ಭಾನುವಾರ

ಗೂಡಿನಿಂದ ಸಕ್ಕರೆ ಹೋಗಿದೆ! ಕಾಲುಚೀಲವೂ ಹೋಗಿದೆ. ಬೀದಿಯಲ್ಲೇ ನಿಂತು ನಕ್ಕೆ, ಹುಚ್ಚಿಯ ಹಾಗೆ. ಕಾಫಿ ಮಾತ್ರ ಇದೆ. ಮೂರು ಪೊಟ್ಟಣ.

ಅವಳ ಬಾಗಿಲಿಗೆ ಹೋದೆ. ತಟ್ಟಲಿಲ್ಲ, ಬಾಗಿಲಿಗೇ ಹೇಳಿದೆ. "ಮಂಗಳವಾರ ಬೆಳಿಗ್ಗೆ ಆರಕ್ಕೆ ಬಸ್ಸು. ಐದಕ್ಕೆ ಗೂಡಿನ ಹತ್ರ ಇರ್ತೀನಿ. ಬೀದಿ ಕಡೆ. ಹೊಸದಾಗಿ ಹುರಿದು ತರ್ತೀನಿ. ನೀನು ಬರ್ಬೇಕು ಅಂತೇನಿಲ್ಲ." ಪರದೆ ಅಲ್ಲಾಡಿತೋ, ಗಾಳಿಯೋ.

ಬರದಿದ್ದರೆ ಬಸ್ಸು ಹತ್ತುವುದಿಲ್ಲ. ಯಾರಿಗೂ ಹೇಳಿಲ್ಲ ಇದನ್ನು.

ಜೂನ್ 4, ಮಂಗಳವಾರ, ಬೆಳಿಗ್ಗೆ 4.30

ಸೂಟ್‌ಕೇಸ್ ಬಾಗಿಲ ಹತ್ತಿರ. ನಾಲ್ಕು ಸಲ ತೆಗೆದು ಮುಚ್ಚಿದೆ. ಕಾಫಿ ಪೊಟ್ಟಣ ಬೆಚ್ಚಗಿದೆ. ಹೊರಡುತ್ತೇನೆ.

ಅದೇ ದಿನ, ಬಸ್ಸಿನಲ್ಲಿ, 6.10

ಬರೆದುಬಿಡಬೇಕು, ಅಕ್ಷರ ಕುಣಿಯುತ್ತಿದ್ದರೂ.

ಐದು ಆಯಿತು. ಐದೂ ಕಾಲು. ಐದೂವರೆ. ಹಾಲಿನವನು ಹೋದ, ಬೇಕರಿ ಬಾಗಿಲು ತೆರೆಯಿತು. ಮಸೀದಿ ಮುಂದೆ ಬಸ್ಸು ಬಂದು ನಿಂತಿತು, ಎಫೆಂದಿ ನನ್ನ ಕಡೆ ಕೈ ಬೀಸಿದರು. ನಾನು ಅಲ್ಲಾಡಲಿಲ್ಲ. ಕೊನೆಗೆ ಪೊಟ್ಟಣವನ್ನಾದರೂ ಇಟ್ಟುಬಿಡೋಣ ಅಂತ ಪರದೆ ಸರಿಸಿ ತೋಳು ಹಾಕಿದೆ.

ಒಳಗೆ ಇನ್ನೊಂದು ಕೈ ಇತ್ತು.

ಕೈಗೆ ಕೈ ತಾಗಿದರೆ ಸುಮ್ಮನೆ ಹಿಂದೆ ತೆಗೆದುಕೊಳ್ಳಬೇಕು, ಮಾತಾಡಬಾರದು. ಚಿಕ್ಕಂದಿನಿಂದ ಕಲಿತದ್ದು. ತೆಗೆಯಲಾಗಲಿಲ್ಲ ನನಗೆ. ಆ ಕೈಯೂ ಹೋಗಲಿಲ್ಲ. ತಣ್ಣಗಿತ್ತು, ಎಷ್ಟು ಹೊತ್ತಿನಿಂದ ಕಾಯುತ್ತಿತ್ತೋ. ನನ್ನ ಮಣಿಕಟ್ಟು ಸವರಿ, ಅಂಗೈ ಬಿಡಿಸಿ, ಪೊಟ್ಟಣ ತೆಗೆದುಕೊಂಡಿತು. ತೋರುಬೆರಳು ಮೋಟು. ಆಮೇಲೆ ಅಂಗೈಯಲ್ಲಿ ಏನೋ ಇಟ್ಟು, ನನ್ನ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಿಸಿ, ಒಂದು ಗಳಿಗೆ ಒತ್ತಿ ಹಿಡಿಯಿತು.

ಆ ಕಡೆ ಪರದೆ ಬಿದ್ದ ಸದ್ದು. ಚಪ್ಪಲಿ ಸದ್ದು. ನಾನು ಸುತ್ತಿ ಹೋಗಿ ನೋಡಲಿಲ್ಲ. ಈ ಸಲ ನಿಜವಾಗಿ ನೋಡಲಿಲ್ಲ.

ಬಸ್ಸು ಹತ್ತಿ ಕೂತ ಮೇಲೆ ಕೈ ಬಿಡಿಸಿದೆ. ಒಂದು ಕಲ್ಲು. ಕಡಲೆಯಷ್ಟು ದಪ್ಪ, ತೊಳೆದು ಒರೆಸಿದ್ದು.

ಹಲಾಲ್ ಅನ್ನಲಿಲ್ಲ ಅವಳು. ಅನ್ನುವ ಜಾಗವೂ ಅದಲ್ಲ. ಕಲ್ಲು ಕೊಟ್ಟಿದ್ದಾಳೆ. ಅಲ್ಲಿ ಸೈತಾನನ ಜೊತೆ ಡೈರೆಕ್ಟರಿಗೆ ಹೊಡೆಯಲು ಇರಬೇಕು. ನನಗೇ ಇದ್ದರೂ ಇರಬಹುದು. ಪಕ್ಕದ ಸೀಟಿನವರು ಯಾಕಮ್ಮ ಅಳ್ತೀರಿ, ನಗ್ತೀರಿ ಅಂತ ಕೇಳುತ್ತಿದ್ದಾರೆ. ವಾಪಸು ಬಂದ ಮೊದಲ ಸೋಮವಾರ ಕಾಫಿಗೆ ಹೋಗಿ ಕಲ್ಲು ಯಾರಿಗೆ ಅಂತ ಕೇಳಬೇಕು, ಬಾಗಿಲು ತೆಗೆದ ಕೂಡಲೇ, ಚಪ್ಪಲಿ ಬಿಡುವ ಮೊದಲೇ —